ಪಟ್ಟಿ ಪುಸ್ತಕಗಳು: ಯಾವುದನ್ನು ಎಷ್ಟು ನಂಬಬಹುದು?

ಪಟ್ಟಿಗಳ ಪುಸ್ತಕವನ್ನು ಯಾವ ಪುಟದಿಂದಲಾದರೂ ಶುರು ಮಾಡಬಹುದು, ಎಲ್ಲಿ ಬೇಕಾದರೂ ಬಿಡಬಹುದು. ಅತಿ ಎತ್ತರದ್ದು, ಅತಿ ಉದ್ದದ್ದು, ಮೊದಲಿಗರು, ಹತ್ತು ಮಂದಿ ಎಂದು ಇಷ್ಟರಲ್ಲೇ ವಿಷಯ ಕೈಗೆ ಬಂತು ಅನ್ನಿಸುತ್ತದೆ. ಆದರೆ ವಾಕ್ಯದಲ್ಲಿ ಬರೆದಿದ್ದರೆ ‘ಸುಮಾರು’, ‘ಈ ಲೆಕ್ಕದ ಪ್ರಕಾರ’, ‘ಇಂಥ ವರ್ಷದವರೆಗೆ’ ಎಂದು ಸೇರುತ್ತಿದ್ದ ಮಾತುಗಳೆಲ್ಲ ಪಟ್ಟಿಗೆ ಇಳಿಯುವಾಗ ಉದುರಿಹೋಗುತ್ತವೆ. ಹಾಗಾಗಿ ಇಲ್ಲಿ ಹೋಲಿಸಿದ ಪುಸ್ತಕಗಳಿಗೆಲ್ಲ ಹಾಕಿದ್ದು ಒಂದೇ ಅಳತೆ: ಎಣಿಸಿದವರು ಯಾರು, ಯಾವ ಷರತ್ತಿನ ಮೇಲೆ, ಯಾವ ದಿನದವರೆಗೆ?

ಮೊದಲು ಗಿನ್ನೆಸ್ ದಾಖಲೆ ಪುಸ್ತಕ. 1951ರಲ್ಲಿ ಐರ್ಲೆಂಡಿನಲ್ಲಿ ಬೇಟೆಗೆ ಹೋಗಿದ್ದ ಗಿನ್ನೆಸ್ ಬಿಯರ್ ಕಂಪನಿಯ ಮುಖ್ಯಸ್ಥ ಹ್ಯೂ ಬೀವರ್, ಯುರೋಪಿನಲ್ಲಿ ಜನ ಬೇಟೆಯಾಡುವ ಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದು ಎಂಬ ವಾದಕ್ಕೆ ಬಿದ್ದರು. ಉತ್ತರ ಕೊಡುವ ಪುಸ್ತಕ ಸಿಗಲಿಲ್ಲ. ಅದರ ಫಲವಾಗಿ 1955ರಲ್ಲಿ ಮೊದಲ ಆವೃತ್ತಿ ಬಂತು. ಜಗಳ ತೀರಿಸಲೆಂದೇ ಹುಟ್ಟಿದ ಪುಸ್ತಕವಾದ್ದರಿಂದ ಅದರ ನಮೂದುಗಳಲ್ಲಿ ಯಾರು, ಎಲ್ಲಿ, ಯಾವತ್ತು ಎಂಬ ಮೂರೂ ಸಾಮಾನ್ಯವಾಗಿ ಸಿಗುತ್ತವೆ. ಬೆಂಗಳೂರಿನ ಶಕುಂತಲಾ ದೇವಿಯವರ ದಾಖಲೆಯನ್ನೇ ನೋಡಿ: 1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು, 7686369774870 × 2465099745779, ಸಮಯ 28 ಸೆಕೆಂಡು. ಉತ್ತರ 18947668177995426462773730. ಇದು 1982ರ ಆವೃತ್ತಿಯಲ್ಲಿ ಅಚ್ಚಾಯಿತು. ಪ್ರಮಾಣಪತ್ರ ಮಾತ್ರ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2020ರಲ್ಲಿ ಬಂತು.

ಇಷ್ಟು ವಿವರವಿದ್ದರೆ ಮುದ್ರಣ ಸರಿಯಿದೆಯೇ ಎಂದು ಓದುಗನೇ ತಾಳೆ ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 78, ಮತ್ತೆ ಮತ್ತೆ ಕೂಡಿ ಒಂದೇ ಅಂಕಿಗೆ ಇಳಿಸಿದರೆ 6. ಎರಡನೆಯದು 74, ಅಂದರೆ 2. ಆರೆರಡಲ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, ಅದೂ 3. ತಾಳೆಯಾಯಿತು. ಉತ್ತರದಲ್ಲಿ ಒಂದು ಅಂಕಿ ತಪ್ಪು ಬಿದ್ದಿದ್ದರೆ ಇದು ಹಿಡಿಯುತ್ತದೆ, 0 ಮತ್ತು 9 ಒಂದರ ಜಾಗದಲ್ಲಿ ಇನ್ನೊಂದು ಬಿದ್ದಿದ್ದರೆ ಹೊರತು. ಎರಡು ಅಂಕಿ ಅದಲುಬದಲಾಗಿದ್ದರೂ ಹಿಡಿಯದು.

ಗಿನ್ನೆಸ್‌ನ ಕೊರತೆ ಬೇರೆ ಕಡೆ ಇದೆ. ಈಗಿನ ದಾಖಲೆಗಳಲ್ಲಿ ಬಹುಪಾಲು ಅರ್ಜಿ ಹಾಕಿದವರವು. ಅರ್ಜಿಯೇ ಹಾಕದವನು ಎಷ್ಟು ದೊಡ್ಡ ಸಾಧನೆ ಮಾಡಿದ್ದರೂ ಅಲ್ಲಿ ಇಲ್ಲ. ಅಚ್ಚಾದ ಪುಸ್ತಕಕ್ಕೆ ಬರುವುದು ಅವರಲ್ಲಿರುವ ದಾಖಲೆಗಳ ಸಣ್ಣ ಭಾಗ. ಅದೂ ಇತ್ತೀಚಿನ ಆವೃತ್ತಿಗಳಲ್ಲಿ ಚಿತ್ರಗಳಿಗೇ ಹೆಚ್ಚು ಜಾಗ. ಉಡುಗೊರೆಗೆ ಒಳ್ಳೆಯದು, ಹುಡುಕಾಟಕ್ಕೆ ಸಾಲದು.

ನಿಖರತೆಯಲ್ಲಿ 1864ರಿಂದ ಬರುತ್ತಿರುವ ವಿಸ್ಡನ್ ಕ್ರಿಕೆಟ್ ವಾರ್ಷಿಕಕ್ಕೆ ಹೆಚ್ಚು ಅಂಕ. ಅದರ ಹಿಂದೆ ಸ್ಕೋರ್‌ಕಾರ್ಡ್ ಇದೆ, ಬೇಕಾದವರು ಮರುಲೆಕ್ಕ ಹಾಕಬಹುದು. ಬ್ರಾಡ್ಮನ್ 6996 ರನ್, 80 ಇನಿಂಗ್ಸ್, 10 ಅಜೇಯ. 6996ನ್ನು 70ರಿಂದ ಭಾಗಿಸಿ, 99.94. ಆದರೆ ಸರಾಸರಿಯ ಪಟ್ಟಿಯಲ್ಲಿ ಅವರು ಮೊದಲಿಗರಾಗುವುದು ಕನಿಷ್ಠ ಇನಿಂಗ್ಸ್‌ನ ಷರತ್ತು (ಸಾಮಾನ್ಯವಾಗಿ 20) ಇದ್ದಾಗ ಮಾತ್ರ. ಆ ಷರತ್ತು ತೆಗೆದರೆ 1948ರಲ್ಲಿ ಆಡಿದ ಒಂದೇ ಟೆಸ್ಟ್ ಇನಿಂಗ್ಸ್‌ನಲ್ಲಿ 112 ಹೊಡೆದ ವೆಸ್ಟ್ ಇಂಡೀಸ್‌ನ ಆಂಡಿ ಗ್ಯಾಂಟೊಮ್, ಬ್ರಾಡ್ಮನ್‌ಗಿಂತ ಮೇಲೆ ಕೂರುತ್ತಾರೆ. ತಲೆಬರಹದ ಕೆಳಗಿನ ಆ ಸಣ್ಣಕ್ಷರದ ಸಾಲನ್ನು ಬಿಟ್ಟು ನಕಲು ಮಾಡಿದ ಪಟ್ಟಿ ಪಟ್ಟಿಯೇ ಅಲ್ಲ.

ಇನ್ನು ದಿನಾಂಕ. 2021ರ ಆಗಸ್ಟ್‌ಗೆ ಮುಂಚಿನ ಪುಸ್ತಕದಲ್ಲಿ 619 ವಿಕೆಟ್‌ನ ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ ಮೂರನೆಯವರು. ಆಮೇಲೆ ಆಂಡರ್ಸನ್ ದಾಟಿದರು. ರಾಹುಲ್ ದ್ರಾವಿಡ್‌ರ 210 ಟೆಸ್ಟ್ ಕ್ಯಾಚ್‌ಗಳ ದಾಖಲೆ (ವಿಕೆಟ್‌ಕೀಪರ್‌ಗಳನ್ನು ಬಿಟ್ಟು) 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಪಾಲಾಯಿತು. ರೂಟ್ ಹಿಡಿದದ್ದು ಕರುಣ್ ನಾಯರ್ ಅವರ ಕ್ಯಾಚನ್ನು! ಕನ್ನಡಿಗನ ದಾಖಲೆ ಮುರಿಯಲು ಕನ್ನಡಿಗನೇ ಔಟಾಗಬೇಕಾಯಿತು.

1977ರ ‘ದಿ ಬುಕ್ ಆಫ್ ಲಿಸ್ಟ್ಸ್’ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಅರ್ವಿಂಗ್ ವ್ಯಾಲೆಸ್ ಮತ್ತು ಅವರ ಇಬ್ಬರು ಮಕ್ಕಳು ಸೇರಿ ಮಾಡಿದ್ದು. ಓದಿನ ರುಚಿಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಊಟಕ್ಕೆ ಯಾರನ್ನು ಕರೆಯಬೇಕು ಎಂದು ಗಣ್ಯರು ಕೊಟ್ಟ ಹೆಸರುಗಳಿಗೆ ಸರಿ ತಪ್ಪು ಎಲ್ಲಿಂದ ಬರಬೇಕು? ಹರಟೆಗೆ ಓದಿ, ಆಧಾರವಾಗಿ ತೋರಿಸಬೇಡಿ.

ನಮ್ಮವರು ನಿಜಕ್ಕೂ ಕೈಯಲ್ಲಿ ಹಿಡಿದು ಓದುವುದು ಈ ಮೂರನ್ನೂ ಅಲ್ಲ, ಇಯರ್‌ಬುಕ್ ಮತ್ತು ಕನ್ನಡದ ಸಾಮಾನ್ಯ ಜ್ಞಾನದ ಗೈಡುಗಳನ್ನು. ಎಫ್‌ಡಿಎ, ಪಿಡಿಒದಂಥ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಕೂರುವವರ ಅಂಕ ಇವುಗಳ ಮೇಲೆ ನಿಂತಿದೆ. ಮಲಯಾಳದಲ್ಲಿ 1959ರಲ್ಲಿ, ಇಂಗ್ಲಿಷಿನಲ್ಲಿ 1965ರಲ್ಲಿ ಶುರುವಾದ ಮನೋರಮಾದಂಥ ಇಯರ್‌ಬುಕ್‌ಗಳಿಗೆ ಸಂಪಾದಕ ಮಂಡಳಿ ಇರುತ್ತದೆ, ಪ್ರತಿವರ್ಷ ತಿದ್ದುಪಡಿ ಆಗುತ್ತದೆ. ಗೈಡುಗಳಲ್ಲಿ ಎಷ್ಟೋ ಸಲ ಬದಲಾಗುವುದು ರಕ್ಷಾಪುಟದ ವರ್ಷ ಮಾತ್ರ. ಒಳಗಿನ ವಯಸ್ಸು ತಿಳಿಯಲು ಜಿಲ್ಲೆಗಳ ಪಟ್ಟಿ ತೆರೆಯಿರಿ: 27 ಇದ್ದರೆ 2007ಕ್ಕೂ ಹಿಂದಿನದು, 29 ಇದ್ದರೆ ಯಾದಗಿರಿಗೆ ಮುಂಚಿನದು, 30 ಇದ್ದರೆ 2021ರಲ್ಲಿ ವಿಜಯನಗರ ಸೇರುವ ಮುಂಚಿನದು. 31 ಇದ್ದು ರಾಮನಗರ ಎಂದೇ ಇದ್ದರೆ, ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದ 2025ರ ಸುದ್ದಿ ಪುಸ್ತಕಕ್ಕೆ ಮುಟ್ಟಿಲ್ಲ.

ಎರಡನೆಯ ಪರೀಕ್ಷೆ ಜನಗಣತಿ. 2011ರ ಗಣತಿಯಲ್ಲಿ ಕರ್ನಾಟಕದ ತಾತ್ಕಾಲಿಕ ಸಂಖ್ಯೆ 6,11,30,704. ಅಂತಿಮ ಸಂಖ್ಯೆ 6,10,95,297. ಸಾಕ್ಷರತೆ ಮೊದಲು 75.60, ಆಮೇಲೆ 75.36. ಒಂದು ಗೈಡಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಕಂಡರೆ ಅದು ಮುದ್ರಣದೋಷವಲ್ಲ. ಮೊದಲ ವರದಿ ಬಂದಾಗ ಎತ್ತಿಕೊಂಡವರು ಅಂತಿಮ ವರದಿಯನ್ನು ನೋಡಲಿಲ್ಲ, ಅಷ್ಟೇ. ಒಂದೇ ಪುಸ್ತಕದಲ್ಲಿ ಜನಸಂಖ್ಯೆ ಅಂತಿಮದ್ದು, ಸಾಕ್ಷರತೆ ತಾತ್ಕಾಲಿಕದ್ದು ಇದ್ದರಂತೂ ಅದು ಎರಡು ಕಡೆಯಿಂದ ಅಂಟಿಸಿದ ಪುಟ.

ಮೂರನೆಯದು ಭಾರತದ ಅತಿ ಎತ್ತರದ ಜಲಪಾತ. ಹಳೆಯ ಗೈಡುಗಳು ಜೋಗ, 253 ಮೀಟರ್ ಎನ್ನುತ್ತವೆ. ಹೊಸವು ಕುಂಚಿಕಲ್, 455 ಮೀಟರ್ ಎನ್ನುತ್ತವೆ. ನೇರ ಧುಮುಕುವ ಜಲಪಾತಗಳ ಪಟ್ಟಿಯಲ್ಲಿ ಮೇಘಾಲಯದ ನೊಹ್ಕಾಲಿಕೈ, 340 ಮೀಟರ್. ಮಾಸ್ತಿಕಟ್ಟೆ ಬಳಿ ವಾರಾಹಿಯ ಕುಂಚಿಕಲ್ ಬಂಡೆಗಳ ಮೇಲೆ ಮಜಲುಮಜಲಾಗಿ ಇಳಿಯುತ್ತದೆ. 455 ಎನ್ನುವುದು ಒಟ್ಟು ಇಳಿತದ ಲೆಕ್ಕ. ಮೇಲೆ ಅಣೆಕಟ್ಟು ಇರುವುದರಿಂದ ಮಳೆಗಾಲ ಬಿಟ್ಟರೆ ನೀರೂ ಇಲ್ಲ. ‘ನೇರ’ ಮತ್ತು ‘ಒಟ್ಟು’ ಎಂಬ ಎರಡು ಕಾಲಂ ಇಲ್ಲದ ಪಟ್ಟಿ ಇಲ್ಲಿ ಸರಿ ಉತ್ತರ ಕೊಡಲಾರದು.

ಜ್ಞಾನಪೀಠದ ಕೋಷ್ಟಕದಲ್ಲಿ ತೊಂದರೆ ಇನ್ನೊಂದು ಬಗೆಯದು. ಕಂಬಾರರಿಗೆ ಬಂದದ್ದು 2010ರ ಸಾಲಿನ ಪ್ರಶಸ್ತಿ, ಪ್ರಕಟವಾದದ್ದು 2011ರಲ್ಲಿ. ಎರಡೂ ವರ್ಷ ಗೈಡುಗಳಲ್ಲಿ ಸಿಗುತ್ತವೆ. 1982ರ ನಂತರ ಪ್ರಶಸ್ತಿ ಒಂದು ಕೃತಿಗಲ್ಲ, ಸಮಗ್ರ ಸಾಹಿತ್ಯಕ್ಕೆ. ಆದರೂ 1983ರ ಮಾಸ್ತಿಯವರ ಎದುರು ‘ಚಿಕವೀರ ರಾಜೇಂದ್ರ’ ಎಂದು ತುಂಬುವುದು ನಿಂತಿಲ್ಲ. ಖಾಲಿ ಮನೆ ಬಿಡಬಾರದೆಂಬ ಹಟವೇ ಎಷ್ಟೋ ತಪ್ಪುಗಳ ತಾಯಿ. ಉದ್ದದ ಕೋಷ್ಟಕದಲ್ಲಿ ಮೊದಲ ಸಾಲಿಗಿಂತ ಕೊನೆಯ ಸಾಲನ್ನು ಮೊದಲು ತಾಳೆ ನೋಡಿ: ನಡುವೆ ಒಂದು ಹೆಸರು ಬಿಟ್ಟುಹೋಗಿದ್ದರೆ ಅಲ್ಲಿಂದ ಕೆಳಗೆ ವರ್ಷಗಳ ಎದುರಿನ ಹೆಸರುಗಳು ಒಂದೊಂದು ಸಾಲು ಜಾರಿರುತ್ತವೆ.

ಮೂರು ಗೈಡುಗಳಲ್ಲಿ ಒಂದೇ ಉತ್ತರವಿದೆ ಎಂದು ಧೈರ್ಯ ತಂದುಕೊಳ್ಳುವವರಿಗೆ ಅಮೆರಿಕದ ಫ್ರೆಡ್ ವರ್ತ್ ಪ್ರಕರಣ ನೆನಪಿಸಬೇಕು. ಟಿವಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂದು ತಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಅವರು, ನಕಲು ಮಾಡುವವರನ್ನು ಹಿಡಿಯಲು, ಬೇಕೆಂದೇ ಸುಳ್ಳು ಸೇರಿಸಿದ್ದರು. ಟ್ರಿವಿಯಲ್ ಪರ್ಸ್ಯೂಟ್ ಎಂಬ ರಸಪ್ರಶ್ನೆ ಆಟದ ಕಾರ್ಡಿನಲ್ಲಿ ಅದೇ ಫಿಲಿಪ್ ಕಾಣಿಸಿಕೊಂಡ! 1984ರಲ್ಲಿ ವರ್ತ್ ಆಟದವರ ಮೇಲೆ ಮೊಕದ್ದಮೆ ಹೂಡಿದರು, ಸೋತರು. ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ ಎಂಬುದು ನ್ಯಾಯಾಲಯದ ನಿಲುವು. ನಕಲು ಮಾಡಿದ ಮೂರು ಪುಸ್ತಕಗಳು ಮೂರು ಸಾಕ್ಷಿಗಳಲ್ಲ.

ಪರೀಕ್ಷೆಯ ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸುವಾಗ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಜನಸಂಖ್ಯೆಗೆ ಗಣತಿಯ ಅಂತಿಮ ಕೋಷ್ಟಕ, ಜಿಲ್ಲೆಗೆ ರಾಜ್ಯಪತ್ರದ ಅಧಿಸೂಚನೆ, ರಾಜ್ಯದ ಅಂಕಿಅಂಶಕ್ಕೆ ಆ ವರ್ಷದ ಆರ್ಥಿಕ ಸಮೀಕ್ಷೆ, ಇವುಗಳ ಪುಟ ಲಗತ್ತಿಸಿ, ಪುಟಸಂಖ್ಯೆ ಮತ್ತು ವರ್ಷ ಬರೆಯಿರಿ. ಇನ್ನೊಂದು ಗೈಡಿನ ಜೆರಾಕ್ಸ್ ಇಟ್ಟರೆ ಅದು ನಿಲ್ಲುವುದು ಕಷ್ಟ.