ಮೆಜೆಸ್ಟಿಕ್ ತನಕ ಮೆಟ್ರೋ: ಜಯನಗರದ ಒಬ್ಬ ಕೌನ್ಸೆಲರ್ ಬಗ್ಗೆ

ಹೋದ ವರ್ಷ ಹಸಿರು ಲೈನ್ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ದಾಟಿ ರೈಲು ನೆಲದಡಿ ಇಳಿಯುವಾಗ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಈಗಲೇ ಪ್ರಾಣ ಹೋಗುತ್ತೆ ಅನ್ನಿಸಿಬಿಟ್ಟಿತು. ಇಸಿಜಿಯಲ್ಲಿ ಏನೂ ಇಲ್ಲ. ಪ್ಯಾನಿಕ್ ಅಟ್ಯಾಕ್ ಅಂದರು ಡಾಕ್ಟರ್. ಆಮೇಲೆ ಮೆಟ್ರೋ ಬಿಟ್ಟು ಎರಡು ಬಸ್ ಹಿಡಿದು ಆಫೀಸಿಗೆ ಹೋಗುತ್ತಿದ್ದೆ.

ಮೊದಲು ಹೋದ ಕೌನ್ಸೆಲರ್ ಹತ್ತಿರ ಮೂರೇ ವಾರ. ಮಾತೆಲ್ಲ ಇಂಗ್ಲಿಷ್. ನನಗೂ ಬರುತ್ತೆ, ಆದರೆ ‘ಜೀವ ಹಿಂಡಿದ ಹಾಗಾಗುತ್ತೆ’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳೋದು? ಸುಮ್ನೆ ತಲೆಯಾಡಿಸಿ ಎದ್ದು ಬರುತ್ತಿದ್ದೆ.

ಜಯನಗರದ ಈ ಮೇಡಂ ಮೊದಲ ದಿನವೇ ಕನ್ನಡದಲ್ಲಿ ಕೇಳಿದರು, “ಏನಾದರೆ ನಿಮಗೆ ವಾಸಿಯಾಯ್ತು ಅನ್ನಿಸುತ್ತೆ?” ಮೆಜೆಸ್ಟಿಕ್ ತನಕ ಮೆಟ್ರೋದಲ್ಲಿ ಹೋಗಬೇಕು ಅಂದೆ. ಅದನ್ನೇ ಬರೆದುಕೊಂಡರು. ಮೊದಲ ವಾರ ಪ್ಲಾಟ್‌ಫಾರಂನಲ್ಲಿ ಹತ್ತು ನಿಮಿಷ ನಿಲ್ಲೋದು, ರೈಲು ಹತ್ತೋದು ಬೇಡ. ಆಮೇಲೆ ನ್ಯಾಷನಲ್ ಕಾಲೇಜಿನಿಂದ ಕೆ.ಆರ್. ಮಾರ್ಕೆಟ್‌ಗೆ, ಒಂದೇ ಸ್ಟೇಷನ್. ಭಯ ಹತ್ತಕ್ಕೆ ಎಷ್ಟು ಅಂತ ಪಾಕೆಟ್ ನೋಟ್‌ಬುಕ್‌ನಲ್ಲಿ ಬರೆಯಬೇಕು. ಮೊದಲ ಸಲ 9. ಓಡಿಹೋಗದೆ ಅಲ್ಲೇ ಇದ್ದರೆ ಭಯ ತಾನಾಗೇ ಇಳಿಯುತ್ತೆ ಅನ್ನೋದು ಮೈಗೆ ಗೊತ್ತಾಗಬೇಕಂತೆ. ಐದನೇ ಸಲಕ್ಕೆ ನನ್ನ ಕೈಯಲ್ಲೇ 4 ಅಂತ ಬರೆದೆ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಪ್ರತಿ ಸಲ ಮುಗಿಸುವಾಗ “ಇವತ್ತು ಯಾವುದು ಉಪಯೋಗ ಆಗಲಿಲ್ಲ?” ಅಂತ ಕೇಳುತ್ತಿದ್ದರು. ಮೂರನೇ ವಾರ ಧೈರ್ಯ ಮಾಡಿ, ನೀವು ಹೇಳಿಕೊಟ್ಟ ಉಸಿರಾಟದಿಂದ ಗಾಬರಿ ಇನ್ನೂ ಹೆಚ್ಚಾಗುತ್ತಿದೆ ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, “ಹೇಳಿದ್ದು ಒಳ್ಳೇದಾಯ್ತು, ಅದನ್ನು ಬಿಟ್ಟುಬಿಡೋಣ” ಅಂದರು. ಅವತ್ತಿನಿಂದ ನಾನು ಏನನ್ನೂ ಮುಚ್ಚಿಡಲಿಲ್ಲ.

ಆಮೇಲೆ ಓದಿ ತಿಳಿದದ್ದು, ಎಡ್ವರ್ಡ್ ಬಾರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನೇ 1979ರಲ್ಲಿ ಬರೆದಿದ್ದರು: ಗುರಿ ಏನು, ಅದಕ್ಕೆ ಏನು ಮಾಡಬೇಕು ಅನ್ನೋದನ್ನು ಇಬ್ಬರೂ ಒಪ್ಪಿರಬೇಕು, ನಡುವೆ ನಂಬಿಕೆ ಇರಬೇಕು. ನನ್ನ ಮೊದಲ ಮೂರು ವಾರಗಳಲ್ಲಿ ಈ ಮೂರೂ ಇರಲಿಲ್ಲ, ಅಲ್ವಾ?

ಫೀಸು ಒಂದು ಸಲಕ್ಕೆ 1,200 ರೂಪಾಯಿ, 50 ನಿಮಿಷ, ನನಗೆ ಹನ್ನೊಂದು ಶನಿವಾರ ಹಿಡಿಯಿತು. ಹೊರೆಯೇ ಸರಿ. ಅಷ್ಟು ಕೊಡೋಕೆ ಆಗದವರು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.