‘ಒಂದೇ ದಿನದಲ್ಲಿ ಎಂಟು ಜಾಗ’ ಅನ್ನುವ ರೆಡಿ ಪ್ಲಾನ್ ನಂಬಿ ಹೊರಡಬೇಡಿ

ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಕಾರು ಪ್ರವಾಸಕ್ಕೆ ಯಾರಾದರೂ ರೆಡಿ ಪ್ಲಾನ್ ಮಾರುತ್ತಿದ್ದರೆ, ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ. ಜಲಪಾತ, ವ್ಯೂ ಪಾಯಿಂಟ್, ಕೆರೆ ದಂಡೆ, ಕೊನೆಗೆ ಬೆಟ್ಟದ ಮೇಲೆ ಸೂರ್ಯಾಸ್ತ. ಹೀಗೆ ಎಂಟು ಜಾಗ ಜೋಡಿಸಿ, ಪ್ರತಿಯೊಂದಕ್ಕೂ ಗಂಟೆ ನಿಮಿಷ ಬರೆದು, ಮ್ಯಾಪಿನ ಲಿಂಕ್ ಸಮೇತ ಫೋನಿಗೆ ಕಳಿಸುತ್ತಾರೆ. ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ. ನಾವೂ ಅಂಥದ್ದೊಂದನ್ನು ತರಿಸಿಕೊಂಡು ಹೊರಟೆವು. ಜೊತೆಗೆ ಅಮ್ಮ, ಅಕ್ಕ, ಭಾವ, ಅಕ್ಕನ ಪುಟ್ಟ ಮಗಳು. ಯಾರಿಗೂ ಗಾಯ ಆಗದೆ ಮನೆ ಸೇರಿದೆವು, ಅದು ದೊಡ್ಡದು. ಆದರೆ ಆ ರಾತ್ರಿ ಬೆಟ್ಟ ಇಳಿದದ್ದು ನೆನಪಾದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಮೊದಲು ಲೆಕ್ಕದ ವಿಷಯ. ಮ್ಯಾಪ್ ತೋರಿಸುವ ಸಮಯ ಬರೀ ಓಡಿಸುವ ಸಮಯ. ನಿಲ್ಲಿಸುವುದು, ಇಳಿಯುವುದು, ಹತ್ತುವುದು ಅದರಲ್ಲಿ ಇರುವುದಿಲ್ಲ. ನಮ್ಮ ಪ್ಲಾನಿನಲ್ಲಿ ಪ್ರತಿ ಜಾಗಕ್ಕೂ ಇಪ್ಪತ್ತು ನಿಮಿಷ ಇಟ್ಟಿದ್ದರು. ಪಾರ್ಕಿಂಗ್ ಹುಡುಕಿ, ಮಂಡಿ ನೋವಿರುವ ಅಮ್ಮನನ್ನು ಮೆಲ್ಲಗೆ ಇಳಿಸಿ, ಮಗುವನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ, ಮತ್ತೆ ಎಲ್ಲರನ್ನೂ ಕಾರಿಗೆ ಹತ್ತಿಸಲು ಎಷ್ಟು ಬೇಕು? ಹತ್ತು ನಿಮಿಷ ಅಂದರೂ ಎಂಟು ಜಾಗಕ್ಕೆ 80 ನಿಮಿಷ. ಇನ್ನೂ ಏನನ್ನೂ ನೋಡಿಲ್ಲ! ಬೆಟ್ಟದ ರಸ್ತೆ ಬೇರೆ. ತಿರುವುಗಳ ಮಧ್ಯೆ ಗಂಟೆಗೆ 30 ಕಿಲೋಮೀಟರ್ ಸಿಕ್ಕರೆ ಪುಣ್ಯ. 40 ಕಿಲೋಮೀಟರ್ ದಾರಿಗೆ ಅಲ್ಲೇ 80 ನಿಮಿಷ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾವು ಎರಡು ಗಂಟೆ ಹಿಂದೆ ಬಿದ್ದಿದ್ದೆವು. ಆಮೇಲೆ ಎಲ್ಲಿ ಇಳಿದರೂ ‘ಬೇಗ, ಬೇಗ’ ಅನ್ನುವುದೇ ಆಯಿತು. ಪೂರ್ವಕ್ಕೆ ಮುಖ ಮಾಡಿದ ವ್ಯೂ ಪಾಯಿಂಟಿಗೆ ನಮ್ಮನ್ನು ಬೆಳಿಗ್ಗೆಯೇ ಕಳಿಸಿದ್ದರು. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಎದುರಿನ ಕಣಿವೆಯೆಲ್ಲ ಬರೀ ಬಿಳಿ ಮಂಜು. ಅಲ್ಲಿಗೆ ಮಧ್ಯಾಹ್ನದ ನಂತರ ಹೋಗಬೇಕು, ಸೂರ್ಯ ಬೆನ್ನಿಗಿರುವಾಗ.

ಇದೆಲ್ಲ ಬೇಜಾರಿನ ಮಾತು, ಮರೆತುಬಿಡಬಹುದು. ನಿಜವಾದ ಅಪಾಯ ಇದ್ದದ್ದು ಪಟ್ಟಿಯ ಕೊನೆಯ ಸಾಲಿನಲ್ಲಿ.

ಬೆಟ್ಟದ ತುದಿಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಹೊರಡಿ ಅಂದರೆ ಏನರ್ಥ, ಯೋಚಿಸಿ. ಒಂದು ನಿಮಿಷವೂ ತಡವಾಗದಿದ್ದರೂ ಇಡೀ ದಾರಿಯಲ್ಲೇ ಕಷ್ಟದ ತುಂಡನ್ನು ಕತ್ತಲಲ್ಲಿ ಇಳಿಯಬೇಕು. ಅದೂ ದಿನವಿಡೀ ಸ್ಟೀರಿಂಗ್ ಹಿಡಿದು ಸುಸ್ತಾದವರು. ಪ್ಲಾನ್ ಬರೆದವರಿಗೆ ಇದು ಹೊಳೆಯಲೇ ಇಲ್ಲವೋ, ಒಳ್ಳೆಯ ಫೋಟೋ ಸಿಕ್ಕರೆ ಸಾಕು ಅಂದುಕೊಂಡರೋ ಗೊತ್ತಿಲ್ಲ. ಇಳಿಜಾರಿಗೆ ಅವರು ಕೊಟ್ಟ ಸಮಯ ಹಗಲಲ್ಲೂ ಸಾಲುತ್ತಿರಲಿಲ್ಲ.

ಅರ್ಧ ಇಳಿದಿರಬೇಕು, ಕಾರಿನೊಳಗೆ ಘಾಟು ಶುರುವಾಯಿತು. ‘ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಪ್ಪಾ’ ಎಂದರು ಅಮ್ಮ. ಭಾವ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ನನಗೆ ಅವರ ಕಾಲು ಕಾಣುತ್ತಿತ್ತು. ಬ್ರೇಕ್ ಪೆಡಲ್ ಮೊದಲಿಗಿಂತ ಒಳಕ್ಕೆ, ಇನ್ನೂ ಒಳಕ್ಕೆ ಹೋಗುತ್ತಿತ್ತು. ಒತ್ತಿದರೂ ಕಾರು ಹಿಡಿತಕ್ಕೆ ಬರುತ್ತಿಲ್ಲ. ಅವರು ಗೇರ್ ಒಂದೊಂದೇ ಇಳಿಸಿದರು. ಎಂಜಿನ್ ಜೋರಾಗಿ ಕೂಗಿತು, ವೇಗ ಕಡಿಮೆಯಾಯಿತು. ರಸ್ತೆ ಪಕ್ಕ ಸ್ವಲ್ಪ ಅಗಲ ಇದ್ದ ಕಡೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಹೊಗೆ. ಅಕ್ಕ ಗಾಬರಿಯಲ್ಲಿ ನೀರಿನ ಬಾಟಲಿ ತಂದಳು. ಅಷ್ಟರಲ್ಲಿ ಹಿಂದೆ ಬಂದು ನಿಂತ ಲಾರಿ ಡ್ರೈವರ್, ‘ನೀರು ಹಾಕಬೇಡಿ ಅಕ್ಕಾ, ಡಿಸ್ಕ್ ಸೀಳಿಬಿಡುತ್ತೆ. ತಾನಾಗೇ ಆರಲಿ’ ಅಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು: ‘ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ.’

ಆಗಿದ್ದಿಷ್ಟೇ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಇದ್ದರೆ ಪ್ಯಾಡು, ಡಿಸ್ಕು ವಿಪರೀತ ಕಾಯುತ್ತವೆ, ಹಿಡಿತ ತಪ್ಪುತ್ತದೆ. ಆ ಶಾಖಕ್ಕೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿಬಿಡುತ್ತದೆ. ಆ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವಂಥದ್ದು. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಬೆಟ್ಟಕ್ಕೆ ಹೋಗುವ ಮೊದಲು ಅದನ್ನೊಮ್ಮೆ ಚೆಕ್ ಮಾಡಿಸಿ. ಇಳಿಯುವಾಗ ಚಿಕ್ಕ ಗೇರಿನಲ್ಲಿ ಎಂಜಿನ್ ತಡೆಯಲಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ. ಇದಕ್ಕೆಲ್ಲ ಸಮಯ ಬೇಕು. ಅವಸರದಲ್ಲಿ ಇಳಿಯುವವರಿಗೆ ಇಲ್ಲದ್ದು ಅದೇ.

ಬಯಲಿಗೆ ಬಂದ ಮೇಲೂ ಮುಗಿಯಲಿಲ್ಲ. ನೇರ ರಸ್ತೆಯಲ್ಲಿ ಕಾರು ಮೆಲ್ಲಗೆ ಬಿಳಿ ಗೆರೆಯತ್ತ ವಾಲುತ್ತಿರುವುದನ್ನು ಅಕ್ಕ ನೋಡಿ ಕೂಗಿದಳು. ಭಾವ ಬೆಚ್ಚಿಬಿದ್ದರು. ಅವರು ಎದ್ದದ್ದು ಬೆಳಗಿನ ಜಾವ. ಸತತ 17 ಗಂಟೆ ಎಚ್ಚರವಿದ್ದವರ ಗಮನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರಷ್ಟೇ ಮಂಕಾಗುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ? ದೀಪ ಇದ್ದ ಪೆಟ್ರೋಲ್ ಬಂಕ್ ಪಕ್ಕ ನಿಲ್ಲಿಸಿ ಅವರನ್ನು ಮಲಗಿಸಿದೆವು. ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು ಇವನ್ನು ನಂಬಬೇಡಿ. ನಿದ್ದೆಗೆ ನಿದ್ದೆಯೇ ಮದ್ದು.

ಪ್ಲಾನ್ ಮಾರಿದವರಿಗೆ ಇದನ್ನೆಲ್ಲ ಬರೆದೆ. ‘ಬೇರೆಯವರಿಗೆಲ್ಲ ಸರಿಯಾಗೇ ಆಗಿದೆ’ ಅಂತ ಒಂದು ಸಾಲು ಬಂತು. ಆಮೇಲೆ ಉತ್ತರವೇ ಇಲ್ಲ.

ಹಾಗಾಗಿ ನಿಮ್ಮ ಪ್ಲಾನ್ ನೀವೇ ಮಾಡಿ, ಸಂಜೆಯಿಂದ ಹಿಂದಕ್ಕೆ ಮಾಡಿ. ಬೆಳಕಿರುವಾಗಲೇ ಬೆಟ್ಟದ ಬುಡದಲ್ಲಿರಬೇಕು ಎಂದು ಮೊದಲು ಗೊತ್ತುಮಾಡಿ, ಅಲ್ಲಿಂದ ಗಂಟೆಗಳನ್ನು ಕಳೆಯುತ್ತಾ ಬನ್ನಿ. ಸೂರ್ಯಾಸ್ತದ ಸಮಯ ಫೋನಿನಲ್ಲಿ ಸಿಗುತ್ತದೆ, ಆದರೆ ಕಣಿವೆಯಲ್ಲಿ ಬೆಟ್ಟ ಅಡ್ಡ ಬಂದು ಅದಕ್ಕೂ ಮೊದಲೇ ಮಬ್ಬಾಗುತ್ತದೆ. ದಾರಿಯಲ್ಲಿ ಅಂದಾಜು ಬೇಕಿದ್ದರೆ ತೋಳನ್ನು ಪೂರ್ತಿ ಚಾಚಿ, ಸೂರ್ಯನ ಕೆಳಗೆ ಬೆರಳುಗಳನ್ನು ಅಡ್ಡಡ್ಡ ಜೋಡಿಸಿ. ಬೆಟ್ಟದ ಅಂಚು ಮುಟ್ಟಲು ನಾಲ್ಕು ಬೆರಳು ಹಿಡಿಸಿದರೆ ಹತ್ತಿರ ಹತ್ತಿರ ಒಂದು ಗಂಟೆ ಇದೆ ಅಂತ. ಸೂರ್ಯನನ್ನೇ ದಿಟ್ಟಿಸಬೇಡಿ.

ನಿಲ್ಲುವ ಜಾಗ ಮೂರು ಸಾಕು. ಉಳಿದದ್ದು ಸಮಯ ಮಿಕ್ಕಿದರೆ. ನೀವು ಹೋಗುವ ಪಕ್ಕದಲ್ಲೇ ಇರುವ ಜಾಗ ಆರಿಸಿ, ತಿರುವಿನಲ್ಲಿ ಎದುರಿನ ವಾಹನಗಳನ್ನು ದಾಟಿ ಹೋಗುವುದು ತಪ್ಪುತ್ತದೆ. ಜಲಪಾತದ ಫೋಟೋ ಯಾವ ತಿಂಗಳಿನದು ನೋಡಿ, ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ ಇರಬಹುದು. ನೀರಿಗೆ ಇಳಿದಾಗ ಅದು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ ತಕ್ಷಣ ಮೇಲೆ ಬನ್ನಿ. ಇಲ್ಲಿ ಬಿಸಿಲಿದ್ದರೂ ಮೇಲೆ ಎಲ್ಲೋ ಜೋರು ಮಳೆ ಆಗಿರುತ್ತದೆ.

ಇಂಥ ಪ್ಲಾನ್ ಈಗಾಗಲೇ ಕೊಂಡಿದ್ದೀರಾ? ಬೆಟ್ಟದ ಮೇಲಿನ ಸೂರ್ಯಾಸ್ತವನ್ನು ಕೊನೆಯಿಂದ ತೆಗೆದು ಅದೇ ಜಾಗವನ್ನು ಬೆಳಿಗ್ಗೆಗೆ ಹಾಕಿ. ಪಶ್ಚಿಮಕ್ಕೆ ಮುಖ ಮಾಡಿದ ಜಾಗ ಅಲ್ವಾ, ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ಸಾಲು ಬೆಟ್ಟಗಳು ಚೆನ್ನಾಗಿ ಕಾಣುತ್ತವೆ. ಹಗಲಿನಲ್ಲೇ ಇಳಿದೂ ಆಗಿರುತ್ತದೆ.