ಕನ್ನಡ ಕರಡು ತಿದ್ದಲು ಯಾವ ರೆಜೆಕ್ಸ್? ಲಿಬ್ರೆಆಫೀಸ್, ವರ್ಡ್, ವಿಎಸ್ ಕೋಡ್, ಪೈಥಾನ್

ಕನ್ನಡ ಕರಡು ತಿದ್ದುವುದಕ್ಕೆಂದು ರೆಜೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಇಂಥ ಮಾದರಿಯ ಪಠ್ಯ ಹುಡುಕು ಎಂದು ಹೇಳುವ ಸಂಕೇತಸೂತ್ರ) ಕಲಿಯುವವರು ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಿಂದಲೇ ಶುರು ಮಾಡಲಿ. ಉಳಿದ ಮೂರರಲ್ಲೂ (ವರ್ಡ್, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್, ಪ್ರೋಗ್ರಾಮಿಂಗ್ ಭಾಷೆ ಪೈಥಾನ್) ಕೈಯಾಡಿಸಿದ ಮೇಲೆ ಹೇಳುತ್ತಿದ್ದೇನೆ.

ಅಲ್ಪವಿರಾಮದ ಹಿಂದೆ ಬಿದ್ದ ಸ್ಪೇಸ್ ತೆಗೆಯುವಂಥ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ. ತಕರಾರು ಶುರುವಾಗುವುದು ಒಂದೇ ಪದ ಅಕ್ಕಪಕ್ಕ ಎರಡು ಸಲ ಬಿದ್ದಿರುವುದನ್ನು ಹಿಡಿಯುವಾಗ. ಅದಕ್ಕೆ ಎಲ್ಲ ಕಡೆ ಹೇಳಿಕೊಡುವ ಸೂತ್ರ `\b(\w+) \1\b`. ಅದರಲ್ಲಿ ಪದದ ಗಡಿಗೆ ಬ್ಯಾಕ್‌ಸ್ಲ್ಯಾಷ್ ಬಿ, ಪದದ ಅಕ್ಷರಕ್ಕೆ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು, ಆವರಣದಲ್ಲಿ ಸಿಕ್ಕಿದ್ದೇ ಮತ್ತೆ ಬರಲಿ ಎನ್ನಲು ಬ್ಯಾಕ್‌ಸ್ಲ್ಯಾಷ್ ಒಂದು. ಇಂಗ್ಲಿಷಿಗೆ ಸರಾಗ. ಆದರೆ ಪೈಥಾನ್‌ನ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲು (ಸಿದ್ಧ ಕೋಡಿನ ಕಟ್ಟು) ಕನ್ನಡದ ಗುಣಿತ ಚಿಹ್ನೆಗಳನ್ನು ಅಕ್ಷರವೆಂದೇ ಒಪ್ಪುವುದಿಲ್ಲ. ‘ಅವರ ಅವರ’ ಸಿಕ್ಕಿಬೀಳುತ್ತದೆ. ‘ಮತ್ತು ಮತ್ತು’ ಕೊಂಬಿನಲ್ಲಿ ಮುಗಿಯುವುದರಿಂದ ತಪ್ಪಿಸಿಕೊಳ್ಳುತ್ತದೆ.

ತಪ್ಪಿಸಿಕೊಂಡರೆ ಹೋಗಲಿ ಎನ್ನಬಹುದು, ಸರಿಯಿದ್ದದ್ದನ್ನೂ ಕೆಡಿಸುತ್ತದೆ. ‘ಮರುದಿನ ನೀರು ಬಂತು’ ಎಂಬ ವಾಕ್ಯ ಕೊಟ್ಟು ನೋಡಿ. ‘ದಿ’ಯ ಗುಡಿಸು ಅದರ ಲೆಕ್ಕದಲ್ಲಿ ಪದದ ಗಡಿ, ‘ನೀ’ಯ ದೀರ್ಘವೂ ಗಡಿ. ನಡುವೆ ಉಳಿದದ್ದು ನ, ಸ್ಪೇಸ್, ನ. ಎರಡು ಸಲ ಬಂದಿದೆ ಎಂದು ಒಂದನ್ನು ಅಳಿಸಿ ‘ಮರುದಿನೀರು ಬಂತು’ ಎಂದು ಕೈಗಿಡುತ್ತದೆ! ಬೇರೆಯಾಗಿ ಹಾಕಿಕೊಳ್ಳುವ, ‘ರೆಜೆಕ್ಸ್’ ಎಂದೇ ಹೆಸರಿರುವ ಇನ್ನೊಂದು ಮಾಡ್ಯೂಲಿನಲ್ಲಿ ಈ ಕಾಟವಿಲ್ಲ, ಆದರೆ ಕರಡು ತಿದ್ದುವವರು ಅಷ್ಟು ದೂರ ಹೋಗಬೇಕೇ?

ವಿಎಸ್ ಕೋಡ್‌ನಲ್ಲಿ ತೆರೆದ ಕಡತದೊಳಗೆ ಅದೇ ಸೂತ್ರ ಹಾಕಿದರೆ ಕನ್ನಡದ ಒಂದು ಪದವೂ ಸಿಗುವುದಿಲ್ಲ. ಅಲ್ಲಿ ಅಕ್ಷರವೆಂದರೆ ಇಂಗ್ಲಿಷಿನದು ಮಾತ್ರ. ಸೊನ್ನೆಯಿಂದ ಅರ್ಧಾಕ್ಷರದ ಚಿಹ್ನೆಯವರೆಗಿನ ಕನ್ನಡ ಅಕ್ಷರಗಳು ಎನ್ನಲು `([ಂ-್]+) \1` ಎಂದು ಬರೆದು ಎರಡೂ ತುದಿಗೆ ಸ್ಪೇಸ್ ಸೇರಿಸಿದರೆ ಕೆಲಸ ಆಗುತ್ತದೆ. ಆದರೆ ಸೊನ್ನೆಯನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಬಿಡಿಬಿಡಿಯಾಗಿ ಟೈಪಿಸುವುದೇ ಒಂದು ಸರ್ಕಸ್ಸು, ಸಾಲದ್ದಕ್ಕೆ ಸಾಲಿನ ಕೊನೆಯ ಜೋಡಿಪದಗಳು ತಪ್ಪಿಹೋಗುತ್ತವೆ.

ವರ್ಡ್‌ನಲ್ಲಿ ರೆಜೆಕ್ಸ್ ಬದಲು ಇರುವ ವೈಲ್ಡ್‌ಕಾರ್ಡು ಎಂಬ ಹುಡುಕು ಚಿಹ್ನೆಗಳಲ್ಲಿ ‘ಇದು ಅಥವಾ ಅದು’ ಎನ್ನಲು ದಾರಿಯೇ ಇಲ್ಲ.

ಲಿಬ್ರೆಆಫೀಸ್ ಒಳಗೆ ಬಳಸುವ ಐಸಿಯು ಎಂಬ ಸಿದ್ಧ ಕೋಡಿನ ಲೈಬ್ರರಿ ಗುಣಿತ ಚಿಹ್ನೆಯನ್ನು ಪದದ ಭಾಗವೆಂದೇ ಎಣಿಸುತ್ತದೆ. ಪಾಠದ ಸೂತ್ರ ಹಾಗೆಯೇ ನಡೆಯುತ್ತದೆ, ‘ಮರುದಿನ ನೀರು’ ತಂಟೆಗೆ ಹೋಗುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿ ಮಾತ್ರ ಒತ್ತಬೇಡಿ: ‘ಮತ್ತೆ ಮತ್ತೆ’, ‘ಸಣ್ಣ ಸಣ್ಣ’ ಎಂದು ಬೇಕೆಂದೇ ಬರೆಯುವ ಭಾಷೆ ನಮ್ಮದು. ಒಂದೊಂದಾಗಿ ನೋಡುತ್ತಾ ಹೋಗಿ. ಹುಡುಕಾಟ ಒಂದು ಪ್ಯಾರಾ ದಾಟುವುದಿಲ್ಲ, ಅದೊಂದು ಕೊರತೆ.

ನನಗೆ ಬರುವ ಕರಡುಗಳಲ್ಲಿ ದಪ್ಪಕ್ಷರ, ಅಡಿಟಿಪ್ಪಣಿ ಎಲ್ಲ ಇರುತ್ತವೆ. ವಿಎಸ್ ಕೋಡ್, ಪೈಥಾನ್‌ಗೆಂದು ಅವನ್ನು ಬಿಚ್ಚಿ ಬರಿಯ ಪಠ್ಯ ಮಾಡುವ ತಾಳ್ಮೆ ನನಗಿಲ್ಲ. ಪುಟಕ್ಕಿಷ್ಟೆಂದು ಸಿಗುವ ದುಡ್ಡಿನಲ್ಲಿ ವರ್ಡ್‌ಗೆ ವರ್ಷವರ್ಷ ಚಂದಾ ಕಟ್ಟುವುದೂ ಆಗದು. ಲಿಬ್ರೆಆಫೀಸಿನಲ್ಲಿ ಸೂತ್ರ ಹಾಕುವ ಮುನ್ನ ಹುಡುಕುವ ಕಿಟಕಿಯ ‘ಇತರ ಆಯ್ಕೆ’ಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬುದಕ್ಕೆ ಗುರುತು ಹಾಕಿರಬೇಕು, ಇಲ್ಲದಿದ್ದರೆ ಏನೂ ಸಿಗುವುದಿಲ್ಲ.